‘ಹರಾಮ್’ ಅನ್ನೋ ಒಂದೇ ಮಾತು ಸಾಲದು

(ಮೈಸೂರಿನ ಉದಯಗಿರಿಯಲ್ಲಿ ವಿದ್ಯಾರ್ಥಿಗಳು ಮತ್ತು ತಂದೆತಾಯಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೇಳಿದವರು ಬರೆದುಕೊಡಿ ಅಂದರು, ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ಅಸ್ಸಲಾಮು ಅಲೈಕುಮ್, ನಮಸ್ಕಾರ.

ನಿಮ್ಮ ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಡಿ ಅಂತ ಕೇಳಿಕೊಂಡಿದ್ದೆ. ಎಲ್ಲವನ್ನೂ ಓದಿದೆ. ಕೈಬರಹ ಬೇರೆ ಬೇರೆ, ಕೇಳಿರೋದು ಹೆಚ್ಚುಕಡಿಮೆ ಒಂದೇ. ‘ನನಗೆ ಚಿತ್ರ ಬರೆಯೋಕೆ ಬರುತ್ತೆ, ಬರೀಬಹುದಾ?’ ‘ಮಗನ ಕಂಠ ಚೆನ್ನಾಗಿದೆ, ಸಂಗೀತದ ಕ್ಲಾಸಿಗೆ ಸೇರಿಸಿದರೆ ಗುನಾಹ್ (ಪಾಪ) ಆಗುತ್ತಾ?’ ಇನ್ನೊಂದು ಚೀಟಿಯಲ್ಲಿ ಪ್ರಶ್ನೆಯೇ ಇಲ್ಲ. ‘ಕಥೆ ಬರೆದಿದ್ದೀನಿ. ಮನೆಯಲ್ಲಿ ಯಾರಿಗೂ ತೋರಿಸಿಲ್ಲ’ ಅಂತ ಅಷ್ಟೇ ಇದೆ. ನನಗೆ ಜಾಸ್ತಿ ತಟ್ಟಿದ್ದು ಅದೇ ಚೀಟಿ.

ನಾನು ಆಲಿಮಾ, ಅಂದರೆ ಧರ್ಮಶಾಸ್ತ್ರ ಓದಿದವಳು, ಅಲ್ಲ. ಫತ್ವಾ ಕೊಡೋ ಅಧಿಕಾರ ನನಗಿಲ್ಲ. ಕನ್ನಡ ಪಾಠ ಹೇಳಿಕೊಂಡು ಬಂದ ಮೇಷ್ಟ್ರು ನಾನು, ಐದು ಹೊತ್ತಿನ ನಮಾಜ್ ಮಾಡುವ ಹೆಂಗಸು. ಇವೆರಡನ್ನೂ ಜೊತೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಬದುಕಿದ್ದೇನೆ, ಆ ಧೈರ್ಯದ ಮೇಲೆ ಮಾತಾಡುತ್ತೇನೆ.

ಒಳ್ಳೇ ಕೈ ಇದ್ದ ಮಕ್ಕಳು ಒಂಬತ್ತನೇ ಕ್ಲಾಸು, ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಸುಮ್ಮನಾಗಿಬಿಡೋದನ್ನು ನೋಡಿದ್ದೇನೆ. ಯಾರೋ ಒಬ್ಬರು ‘ಹರಾಮ್’, ಧರ್ಮದಲ್ಲಿ ನಿಷಿದ್ಧ, ಅಂದಿರುತ್ತಾರೆ. ಯಾವುದು ಹರಾಮ್, ಯಾಕೆ, ಎಲ್ಲಿಯವರೆಗೆ ಅಂತ ಕೂರಿಸಿಕೊಂಡು ಹೇಳಿರುವುದಿಲ್ಲ. ಇನ್ನು ಕೆಲವು ಮಕ್ಕಳದು ಉಲ್ಟಾ. ಕಲೆ ಬೇಕು ಅಂತ ಹೊರಟವರು ನಮಾಜನ್ನೇ ಬಿಟ್ಟರು. ಮನೆಯಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೋ ಅಂದಿದ್ದರು, ಅವರು ಆರಿಸಿಕೊಂಡರು. ಹೀಗೆ ಆರಿಸಿಕೊಳ್ಳೋ ಹಾಗೆ ಮಾಡಿದ್ದು ನಮ್ಮ ಅವಸರ. ನಮ್ಮ ದೀನ್, ನಮ್ಮ ಧರ್ಮ, ಹಾಗೆ ಕೇಳಿರಲಿಲ್ಲ.

ನಾನು ನಂಬಿರೋದು ಇಷ್ಟು. ಅಲ್ಲಾಹ್ ಕೊಟ್ಟ ಕಲೆ ಒಂದು ಅಮಾನತ್ತು, ನಂಬಿ ಒಪ್ಪಿಸಿದ್ದು. ಅದನ್ನು ಎಸೆಯೋ ಹಕ್ಕು ನಮಗಿಲ್ಲ. ಮನಸ್ಸಿಗೆ ಬಂದ ಹಾಗೆ ಬಳಸೋ ಹಕ್ಕೂ ಇಲ್ಲ. ನಾಳೆ ಲೆಕ್ಕ ಕೇಳುವಾಗ ಎರಡನ್ನೂ ಕೇಳುತ್ತಾರೆ.

ಚಿತ್ರದ ವಿಷಯಕ್ಕೆ ಬರುತ್ತೇನೆ, ಚೀಟಿಗಳು ಜಾಸ್ತಿ ಬಂದಿರೋದು ಅದರ ಮೇಲೇ.

ಜೀವ ಇರೋ ಪ್ರಾಣಿಗಳ ಚಿತ್ರ ಮಾಡುವವರ ಬಗ್ಗೆ ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳಲ್ಲಿ, ಬಹಳ ಕಠಿಣವಾದ ಮಾತುಗಳಿವೆ. ಹದೀಸಿನ ದೊಡ್ಡ ಸಂಗ್ರಹಗಳಾದ ಬುಖಾರಿಯಲ್ಲೂ ಇವೆ, ಮುಸ್ಲಿಮ್‌ನಲ್ಲೂ ಇವೆ. ಅವು ಇಲ್ಲವೇ ಇಲ್ಲ ಅನ್ನೋ ಹಾಗೆ ಮಾತಾಡೋದು ನನಗೆ ಇಷ್ಟವಿಲ್ಲ. ಕಲೆ ಇಷ್ಟಪಡುವ ಕೆಲವರು ಆ ಹದೀಸ್‌ಗಳನ್ನು ಬದಿಗೆ ಸರಿಸಿ ಮುಂದೆ ಹೋಗುತ್ತಾರೆ. ಹಾಗೆ ಮಾಡಿದರೆ ಮನೆಯಲ್ಲಿರೋ ಅಜ್ಜಿಗೆ ಉತ್ತರ ಕೊಡೋಕಾಗಲ್ಲ. ಅಜ್ಜಿ ಅದನ್ನು ಓದಿದ್ದಾರೆ, ಅಲ್ವಾ?

ಆದರೆ ಅದೇ ಬುಖಾರಿಯಲ್ಲಿ ಇನ್ನೊಂದು ಪ್ರಸಂಗ ಇದೆ. ಒಬ್ಬ ಮನುಷ್ಯ ಇಬ್ನ್ ಅಬ್ಬಾಸ್ ಅವರ ಹತ್ತಿರ ಬರುತ್ತಾನೆ. ಇಬ್ನ್ ಅಬ್ಬಾಸ್ ಅಂದರೆ ಪ್ರವಾದಿಯವರ (ಸ) ಚಿಕ್ಕಪ್ಪನ ಮಗ, ದೊಡ್ಡ ವಿದ್ವಾಂಸರು. ಬಂದವನು, ನನ್ನ ಕೈಕೆಲಸದಿಂದಲೇ ನನ್ನ ಹೊಟ್ಟೆಪಾಡು, ನಾನು ಈ ಚಿತ್ರಗಳನ್ನು ಮಾಡುತ್ತೇನೆ ಅನ್ನುತ್ತಾನೆ. ಇಬ್ನ್ ಅಬ್ಬಾಸ್ ತಾವು ಪ್ರವಾದಿಯವರಿಂದ ಕೇಳಿದ ಎಚ್ಚರಿಕೆಯ ಮಾತನ್ನು ಹೇಳುತ್ತಾರೆ. ಆ ಮನುಷ್ಯನ ಉಸಿರು ಏರುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಆಗ ಇಬ್ನ್ ಅಬ್ಬಾಸ್, ಮಾಡಲೇಬೇಕು ಅಂತಿದ್ದರೆ ಮರಗಳನ್ನು ಮಾಡು, ಜೀವ ಇಲ್ಲದ ಯಾವುದನ್ನಾದರೂ ಮಾಡು ಅನ್ನುತ್ತಾರೆ.

ಇದನ್ನು ಎಷ್ಟು ಸಲ ಓದಿದರೂ ನನಗೆ ಸಾಕಾಗಲ್ಲ. ಅವರು ಹದೀಸ್ ಹೇಳಿ ಅಲ್ಲಿಗೇ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಎದುರಿಗಿರುವವನ ಮುಖ ನೋಡಿದರು. ಕೈ ಕಟ್ಟಿಹಾಕಿದರೆ ಇವನು ಏನು ಮಾಡಬೇಕು ಅಂತ ಯೋಚಿಸಿದರು. ಒಂದು ಬಾಗಿಲು ಮುಚ್ಚಿದೆ ಅಂತ ಹೇಳಿದ ಮೇಲೆ ತೆರೆದಿರುವ ಬಾಗಿಲನ್ನೂ ತೋರಿಸಿದರು. ಇವತ್ತು ನಮ್ಮ ಮನೆಗಳಲ್ಲಿ ಮೊದಲನೆಯ ಅರ್ಧ ನಡೆಯುತ್ತಿದೆ. ಎರಡನೆಯ ಅರ್ಧ ಬಿಟ್ಟುಹೋಗಿದೆ.

ಆ ಬಾಗಿಲಿನ ಮೂಲಕ ಎಷ್ಟು ದೊಡ್ಡ ಕಲೆ ಬಂತು ಅಂತ ನೋಡೋಕೆ ಸ್ಪೇನಿನ ಗ್ರನಾಡಾಕ್ಕೋ ಇರಾನಿನ ಇಸ್ಫಹಾನ್‌ಗೋ ಹೋಗಬೇಕಾಗಿಲ್ಲ. ಸಿಟಿ ಬಸ್ ಹತ್ತಿದರೆ ಮಂಡಿ ಮೊಹಲ್ಲಾ.

ನನ್ನ ಮಾಮು, ಅಂದರೆ ಅಮ್ಮಿಯ ಅಣ್ಣ, ಅಲ್ಲಿ ಇನ್‌ಲೇ ಕೆಲಸ ಮಾಡುತ್ತಿದ್ದರು. ಬೀಟೆ ಮರದ ಹಲಗೆಯೊಳಗೆ ಬೇರೆ ಮರದ ತುಂಡುಗಳನ್ನು ಕೂರಿಸೋ ಕೆಲಸ. ಮೊದಲು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ನಕ್ಷೆ. ಆಮೇಲೆ ಒಂದೊಂದು ದಳಕ್ಕೂ ಒಂದೊಂದು ಮರದ ತೆಳು ಹಾಳೆ. ಹಳದಿ ಬೇಕಾದರೆ ಹಲಸಿನ ಮರ. ಎಲೆಗೆ ಒಂದು, ಕಾಂಡಕ್ಕೆ ಒಂದು. ಬಣ್ಣ ಬಳಿಯೋದೇ ಇಲ್ಲ, ಮರಕ್ಕೆ ಅಲ್ಲಾಹ್ ಕೊಟ್ಟ ಬಣ್ಣವೇ ಬಣ್ಣ. ಮಾಮು ನೂಲಿನಷ್ಟು ಸಣ್ಣ ಬ್ಲೇಡಿನ ಗರಗಸದಲ್ಲಿ ದಳಗಳನ್ನು ಕತ್ತರಿಸೋರು. ಬ್ಲೇಡು ನೆಟ್ಟಗೆ ನಿಂತಿರುತ್ತಿತ್ತು, ತಿರುಗುತ್ತಿದ್ದದ್ದು ಮರದ ಹಾಳೆ. ಆಮೇಲೆ ಹಲಗೆಯ ಮೇಲೆ ಆ ದಳ ಇಟ್ಟು, ಸುತ್ತ ಮೊನೆಯಿಂದ ಗೀರು ಹಾಕಿ, ಅಷ್ಟೇ ಆಳಕ್ಕೆ ಉಳಿಯಲ್ಲಿ ಕೆತ್ತಿ, ಅಂಟು ಹಚ್ಚಿ ಒತ್ತೋರು. ಮರಳು ಕಾಗದದಲ್ಲಿ ಉಜ್ಜಿ, ಪಾಲಿಶ್ ಹಾಕಿದ ಮೇಲೆ ಬೆರಳಾಡಿಸಿದರೆ ಎಲ್ಲಿ ಬೀಟೆ ಮುಗಿದು ಎಲ್ಲಿ ಹೂವು ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ಗೊತ್ತಾದರೆ ಆ ಪೀಸ್ ಅಂಗಡಿಗೆ ಹೋಗುತ್ತಿರಲಿಲ್ಲ.

ಮಾಮು ಹೂವು, ಬಳ್ಳಿ, ತೆಂಗಿನ ಮರ, ಹೊಳೆ, ಗುಡ್ಡ ಮಾಡೋರು. ಪ್ರಾಣಿ, ಮನುಷ್ಯರ ಮುಖ ಮಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಕಾರಿಗರ್ ಎಲ್ಲವನ್ನೂ ಮಾಡೋರು. ಅಂಬಾರಿ ಆನೆ, ದಸರಾ ಮೆರವಣಿಗೆ, ಆರ್ಡರ್ ಬಂದರೆ ದೇವರ ಚಿತ್ರ. ಅವರ ಹೊಟ್ಟೆಪಾಡು ಅದರಲ್ಲಿತ್ತು. ನವಿಲಿನ ಆರ್ಡರ್ ಬಂದರೆ ಮಾಮು ಅದನ್ನು ಪಕ್ಕಕ್ಕೆ ಸರಿಸೋರು, ಹೂವಿನ ಅಂಚು ಬಂದರೆ ಅವರು ಇತ್ತ ಸರಿಸೋರು. ಒಬ್ಬರು ಇನ್ನೊಬ್ಬರಿಗೆ ‘ನೀನು ದೀನ್ ಬಿಟ್ಟೆ’ ಅಂದದ್ದಾಗಲಿ, ‘ನೀನು ಹಳೇ ಕಾಲದವನು’ ಅಂದದ್ದಾಗಲಿ ನಾನು ಕೇಳಿಲ್ಲ. ಜುಮ್ಮಾಕ್ಕೆ ಇಬ್ಬರೂ ಒಂದೇ ಮಸೀದಿಗೆ ಹೋಗೋರು. ಈ ವಿವೇಕ ನಮ್ಮ ಬೀದಿಯಲ್ಲಿ ಇತ್ತು. ಇವತ್ತು ವಾಟ್ಸಾಪಿನಲ್ಲಿ ಬರೋ ಒಂದು ನಿಮಿಷದ ವಿಡಿಯೋದಲ್ಲಿ ಅದು ಸಿಗೋದಿಲ್ಲ.

ವಿದ್ವಾಂಸರಲ್ಲೂ ಭೇದ ಇದೆ ಅನ್ನೋದನ್ನು ಮಕ್ಕಳಿಗೆ ಹೇಳಿ. ವಿಗ್ರಹದ ಹಾಗೆ ಪೂರ್ತಿ ರೂಪ ಕೆತ್ತೋದನ್ನು ಹೆಚ್ಚುಕಡಿಮೆ ಎಲ್ಲರೂ ಬೇಡ ಅಂದಿದ್ದಾರೆ. ಕಾಗದ, ಬಟ್ಟೆಯ ಮೇಲಿನ ಚಿತ್ರವನ್ನು ಮಾಲಿಕಿ ಪಂಥದ ಅನೇಕರು ಮಕ್ರೂಹ್, ಅಂದರೆ ಮಾಡದಿದ್ದರೆ ಒಳ್ಳೆಯದು ಅಂದರು, ಹರಾಮ್ ಅನ್ನಲಿಲ್ಲ. ಮಕ್ಕಳ ಗೊಂಬೆಗೆ ಬೇರೆಯದೇ ರಿಯಾಯಿತಿ. ಪ್ರವಾದಿಯವರ ಪತ್ನಿ ಆಯಿಷಾ ಅವರ ಗೊಂಬೆಗಳಲ್ಲಿ ರೆಕ್ಕೆ ಇದ್ದ ಒಂದು ಕುದುರೆ ಇತ್ತು. ಕುದುರೆಗೆ ರೆಕ್ಕೆನಾ ಅಂತ ಪ್ರವಾದಿಯವರು ಕೇಳಿದಾಗ, ಸುಲೈಮಾನರ ಕುದುರೆಗಳಿಗೆ ರೆಕ್ಕೆ ಇತ್ತಲ್ಲ ಅಂದರು ಆಯಿಷಾ. ಪ್ರವಾದಿಯವರು ಹಲ್ಲು ಕಾಣುವ ಹಾಗೆ ನಕ್ಕರು ಅಂತ ಹದೀಸ್ ಸಂಗ್ರಹ ಅಬೂ ದಾವೂದ್‌ನಲ್ಲಿದೆ. ಫೋಟೋದ ಬಗ್ಗೆ ಈಗ ಜಾಸ್ತಿ ಹೇಳಲ್ಲ. ಎಲ್ಲರ ಜೇಬಲ್ಲೂ ಆಧಾರ್ ಕಾರ್ಡ್ ಇದೆ.

ಇನ್ನೊಂದು ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಅಂತ ಕೇಳಿಕೊಳ್ಳುತ್ತೇನೆ. ಶ್ರೀರಂಗಪಟ್ಟಣ. ಎಲ್ಲರೂ ಹೋಗಿರುತ್ತೀರಿ, ಆದರೆ ಈ ಕಣ್ಣಿನಿಂದ ನೋಡಿರಲಿಕ್ಕಿಲ್ಲ. 1784ರ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮುಂದೆ ನಿಲ್ಲಿ. 1780ರಲ್ಲಿ ಕಂಚಿಯ ಹತ್ತಿರ ನಡೆದ ಪೊಲ್ಲಿಲೂರು ಯುದ್ಧ ಇಡೀ ಗೋಡೆ ತುಂಬಿಕೊಂಡಿದೆ. ಆನೆ, ಕುದುರೆ, ಸವಾರರು, ಕೆಂಪು ಅಂಗಿಯ ಸಿಪಾಯಿಗಳು, ಪಲ್ಲಕ್ಕಿಯಲ್ಲಿ ಕೂತ, ಸೋತ ಈಸ್ಟ್ ಇಂಡಿಯಾ ಕಂಪನಿ ಸೇನೆಯ ಕರ್ನಲ್ ಬೈಲಿ. ಅದೇ ಅರಮನೆಯ ಒಳಗೆ ಹೋದರೆ ಗೋಡೆ, ಕಂಬ, ಸೂರು ಎಲ್ಲ ಹೂವು ಬಳ್ಳಿ. ಅಲ್ಲಿಂದ ಕೋಟೆಯೊಳಗಿನ ಮಸ್ಜಿದ್-ಎ-ಆಲಾಕ್ಕೆ ಬನ್ನಿ. ಅಲ್ಲಿ ಒಂದು ಮುಖವೂ ಇಲ್ಲ. ಇರೋದು ಬರಹ, ಕಮಾನು, ಬೆಳಕು. ಇನ್ನೊಂದು ಕಡೆ ಗುಂಬಜ್, ಹೈದರ್ ಮತ್ತು ಟಿಪ್ಪು ಅವರ ಸಮಾಧಿ. ಅಲ್ಲಿ ಬಾಗಿಲಿಗೆ ಆನೆದಂತದ ಕುಸುರಿ, ಮಾಮುವಿನ ಕಸುಬಿನ ಹಿರಿಯರ ಕೆಲಸ.

ಎಲ್ಲ ಒಂದೇ ದ್ವೀಪದಲ್ಲಿ. ಅರಮನೆಯನ್ನೂ ಮಸೀದಿಯನ್ನೂ ಕಟ್ಟಿಸಿದವರು ಒಬ್ಬರೇ, ಟಿಪ್ಪು ಸುಲ್ತಾನ್. ಅವರು ಮಾಡಿದ್ದೆಲ್ಲ ಶರೀಅತ್ತಿಗೆ ಸರಿ ಅಂತ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ದೊರೆಗಳ ಅರಮನೆ ನಮಗೆ ಪ್ರಮಾಣವೂ ಅಲ್ಲ. ಆದರೆ ಯಾವ ಗೋಡೆಯ ಮೇಲೆ ಏನಿರಬೇಕು ಅನ್ನೋ ಲೆಕ್ಕ ಅಲ್ಲಿ ಕಣ್ಣಿಗೆ ಕಾಣುತ್ತದೆ. ಚಿತ್ರಗಾರನ ಕೈ ನಿಂತಿಲ್ಲ, ನೆಲಕ್ಕೆ ಹಣೆ ಹಚ್ಚುವ ಸಜ್ದಾದ ಜಾಗದಲ್ಲಿ ಆ ಕೈ ಬೇರೆ ಕೆಲಸ ಹಿಡಿದಿದೆ.

ಸಂಗೀತದ ಮಾತು ಇನ್ನೂ ಕಷ್ಟ. ಇಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಧರ್ಮಶಾಸ್ತ್ರದ ಪಂಥಗಳಾದ ನಾಲ್ಕೂ ಮಜ್ಹಬ್‌ಗಳ ಬಹುಪಾಲು ಹಿರಿಯ ಉಲಮಾಗಳು ವಾದ್ಯಗಳನ್ನು ಒಪ್ಪಿಲ್ಲ. ಅದು ಸುಳ್ಳು ಅಂತ ನಾನು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಆದರೆ ಒಪ್ಪಿದವರೂ ಇದ್ದಾರೆ, ಅವರೇನೂ ಸಣ್ಣವರಲ್ಲ. ಆಂದಲೂಸಿಯಾದ ಇಬ್ನ್ ಹಝ್ಮ್, ವಾದ್ಯಗಳನ್ನು ಖಂಡಿಸುವ ಹದೀಸ್‌ಗಳು ನಿಲ್ಲೋದಿಲ್ಲ ಅಂದರು. ಇಮಾಮ್ ಗಝಾಲಿ ತಮ್ಮ ದೊಡ್ಡ ಗ್ರಂಥದಲ್ಲಿ ಹಾಡು ಕೇಳೋದರ ಬಗ್ಗೆ ಒಂದಿಡೀ ಭಾಗ ಬರೆದರು. ಹಾಡಿನಲ್ಲಿ ಏನಿದೆ, ಯಾರು ಕೇಳುತ್ತಿದ್ದಾರೆ, ಕೇಳಿದವನ ಎದೆಯಲ್ಲಿ ಏನು ಏಳುತ್ತದೆ, ಇದನ್ನೆಲ್ಲ ನೋಡಿ ತೀರ್ಮಾನಿಸಬೇಕು ಅಂದರು. ಮನೆಯ ಮಾತು ಬೇಕಾದರೆ ಈದ್ ದಿನದ ಹದೀಸ್ ಇದೆ. ಆಯಿಷಾ ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದರು. ಆಯಿಷಾರ ತಂದೆ ಅಬೂಬಕರ್ ಗದರಿಸಿದರು. ಪ್ರವಾದಿಯವರು, ಬಿಡಿ, ಎಲ್ಲ ಜನರಿಗೂ ಹಬ್ಬ ಇರುತ್ತದೆ, ಇದು ನಮ್ಮ ಹಬ್ಬ ಅಂದರು.

ಮೈಸೂರಿನಲ್ಲಿ ಕೂತು ಈ ಮಾತಾಡುವಾಗ ಉಸ್ತಾದರನ್ನು ನೆನೆಯದೆ ಇರೋಕಾಗಲ್ಲ. ಕಿರಾನಾ ಘರಾನೆಯ ಅಬ್ದುಲ್ ಕರೀಮ್ ಖಾನ್ ಈ ಅರಮನೆಗೆ ಮತ್ತೆ ಮತ್ತೆ ಬಂದು ಹಾಡಿದವರು. ಆಗ್ರಾ ಘರಾನೆಯ ಫಯ್ಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಖಿ’ ಅನ್ನೋ ಬಿರುದು ಕೊಟ್ಟಿದ್ದು ಮೈಸೂರಿನ ಆಸ್ಥಾನ. 1902ರಲ್ಲೇ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಇಲ್ಲೇ, 1930ರಲ್ಲಿ ತೀರಿಕೊಂಡದ್ದೂ ಇಲ್ಲೇ. ಅಬ್ದುಲ್ ಕರೀಮ್ ಖಾನರು 1937ರಲ್ಲಿ ಪಾಂಡಿಚೇರಿಗೆ ರೈಲಿನಲ್ಲಿ ಹೋಗುತ್ತಿದ್ದರು. ದಾರಿಯಲ್ಲಿ ಎದೆನೋವು ಬಂದು ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆ ಹಾಸಿಕೊಂಡು ನಮಾಜ್ ಮಾಡಿದರು, ದರ್ಬಾರಿ ರಾಗದಲ್ಲಿ ಕಲ್ಮಾ ಹಾಡುತ್ತಾ ಪ್ರಾಣಬಿಟ್ಟರು ಅಂತ ಅವರ ಶಿಷ್ಯಪರಂಪರೆ ಹೇಳಿಕೊಂಡು ಬಂದಿದೆ. ಆ ಮನುಷ್ಯನ ಸ್ವರ ಮತ್ತು ಸಜ್ದಾ ಬೇರೆ ಬೇರೆ ಆಗಿರಲಿಲ್ಲ.

ಆದರೂ ನಿಮ್ಮ ಮನಸ್ಸಿಗೆ ವಾದ್ಯ ಒಪ್ಪದಿದ್ದರೆ ಬೇಡ. ಬರೀ ಕಂಠದಲ್ಲಿ ಅಲ್ಲಾಹನನ್ನು ಹೊಗಳುವ ಹಮ್ದ್, ಪ್ರವಾದಿಯವರನ್ನು ಹೊಗಳುವ ನಾತ್ ಹಾಡಿ. ಅದರಲ್ಲಿ ಸಾಧನೆ ಕಡಿಮೆ ಇದೆ ಅಂದುಕೊಳ್ಳಬೇಡಿ, ಆಸರೆಗೆ ತಂಬೂರಿಯೂ ಇಲ್ಲದೆ ಶ್ರುತಿ ಹಿಡಿಯೋದು ಸುಲಭವಲ್ಲ. ಕ್ಲಾಸಿಗೆ ಸೇರಿಸಿದರೆ ಎರಡು ವಿಷಯ ಮೊದಲೇ ಮಾತಾಡಿ. ಸಂಜೆ ಕ್ಲಾಸು ಮಗ್ರಿಬ್ ನಮಾಜಿನ ಹೊತ್ತಿಗೇ ಬರುತ್ತದೆ, ಮಗುವಿಗೆ ಹತ್ತು ನಿಮಿಷ ಬಿಡುವು ಬೇಕು ಅಂತ ಕೇಳಿ. ವಿಜಯದಶಮಿಗೆ ವಾದ್ಯಗಳ ಪೂಜೆ ಇರುತ್ತದೆ. ಗುರುಗಳಿಗೆ ಮರ್ಯಾದೆ ಕೊಡೋದು ನಮ್ಮ ಕರ್ತವ್ಯ, ಪೂಜೆಯಲ್ಲಿ ನಾವು ಸೇರೋದಿಲ್ಲ, ಇದನ್ನು ನಗುಮುಖದಲ್ಲಿ ಗುರುಗಳಿಗೇ ಹೇಳಿ. ನಾನು ಕಂಡ ಮೇಷ್ಟ್ರುಗಳು ಇದಕ್ಕೆ ಬೇಜಾರು ಮಾಡಿಕೊಂಡಿಲ್ಲ. ಹೇಳದೆ ಆ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಂಡಾಗ ಬೇಜಾರಾಗಿದ್ದಾರೆ.

ನಾಟಕದ ಬಗ್ಗೆ ಬಂದಿದ್ದು ಒಂದೇ ಚೀಟಿ. ರಂಗಾಯಣ ಇರೋ ಊರಲ್ಲಿ ಮಕ್ಕಳಿಗೆ ಆಸೆಯಾಗೋದು ಸಹಜ. ಪಾತ್ರ ಏನು, ಅದರಲ್ಲಿ ನಿನ್ನ ಹಯಾ (ನಾಚಿಕೆ, ಮರ್ಯಾದೆ) ಉಳಿಯುತ್ತಾ, ಯಾವ ದೃಶ್ಯ ನಿನ್ನಿಂದ ಆಗಲ್ಲ, ಇದನ್ನು ಮೊದಲ ದಿನವೇ ನಿರ್ದೇಶಕರಿಗೆ ಹೇಳು. ಬೆಳಕು, ರಂಗಸಜ್ಜಿಕೆ, ಬರವಣಿಗೆಯೂ ನಾಟಕವೇ.

ಈಗ ಕಥೆ ಬರೆದು ಬಚ್ಚಿಟ್ಟ ಮಗಳಿಗೆ. ಚೀಟಿಯಲ್ಲಿ ಹೆಸರಿಲ್ಲ, ಅಕ್ಷರ ನೋಡಿ ಹುಡುಗಿ ಇರಬೇಕು ಅಂದುಕೊಂಡಿದ್ದೇನೆ.

ಬೇಟಾ, ಕುರ್‌ಆನಿನ 26ನೇ ಅಧ್ಯಾಯದ ಹೆಸರೇ ಕವಿಗಳು, ಅಶ್ಶುಅರಾ. ಅದರ ಕೊನೆಯಲ್ಲಿ ಕವಿಗಳಿಗೆ ಬೈಗುಳ ಇದೆ. ದಾರಿ ತಪ್ಪಿದವರು ಅವರ ಹಿಂದೆ ಹೋಗುತ್ತಾರೆ, ಅವರು ಕಣಿವೆ ಕಣಿವೆ ಅಲೆಯುತ್ತಾರೆ, ಮಾಡದೇ ಇರೋದನ್ನು ಹೇಳುತ್ತಾರೆ. ಜನ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಅಲ್ಲಾಹ್ ಇಲ್ಲಿಗೆ ನಿಲ್ಲಿಸಿಲ್ಲ. ಮುಂದಿನ ಆಯತ್ತು 227. ಇವರ ಹೊರತು ಅಂತ ಶುರುವಾಗುತ್ತದೆ: ವಿಶ್ವಾಸವಿಟ್ಟವರು, ಒಳ್ಳೆಯ ಕೆಲಸ ಮಾಡಿದವರು, ಅಲ್ಲಾಹನನ್ನು ತುಂಬಾ ನೆನೆದವರು, ಮತ್ತು ತಮ್ಮ ಮೇಲೆ ಅನ್ಯಾಯ ಆದ ಮೇಲೆ ತಮ್ಮ ಪರವಾಗಿ ನಿಂತವರು.

ಆ ಕೊನೆಯ ಮಾತನ್ನು ಗಮನಿಸು. ಅನ್ಯಾಯ ಆದಾಗ ಎದ್ದು ನಿಲ್ಲುವ ಮಾತಿಗೆ ಕುರ್‌ಆನಿನಲ್ಲೇ ಜಾಗ ಇದೆ. ಮೊದಲು ಅದು ಮಕ್ಕಾದಲ್ಲಿ ಹಿಂಸೆ ಅನುಭವಿಸಿದ, ಶತ್ರುಗಳ ಕವಿಗಳಿಂದ ಅವಮಾನ ಉಂಡ ವಿಶ್ವಾಸಿಗಳ ಮಾತು. ಆದರೆ ಮನೆಯೊಳಗೆ ಆಗುವ ಅನ್ಯಾಯವೂ ಅನ್ಯಾಯವೇ. ಒಬ್ಬಳನ್ನು ತಲಾಖಿನ ಮೂರು ಮಾತಿನಲ್ಲಿ ಬೀದಿಗೆ ಬಿಟ್ಟರೆ ಅದರ ಬಗ್ಗೆ ಬರೆಯೋದನ್ನು ದೀನಿಗೆ ಎದುರು ಅಂತ ನಾನು ಒಪ್ಪೋದಿಲ್ಲ. ಸಾರಾ ಅಬೂಬಕ್ಕರ್ 1980ರ ದಶಕದ ಮೊದಲಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಬರೆದದ್ದು ಅದನ್ನೇ. ಆಗ ಎಷ್ಟು ಜನ ಮುನಿಸಿಕೊಂಡರು! ಒಂದೇ ಉಸಿರಿನ ತಲಾಖನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರಲ್ಲಿ. ಒಬ್ಬ ಗೃಹಿಣಿಯ ಕಥೆ ಕೋರ್ಟಿಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಮುಂದಿತ್ತು.

ಪ್ರವಾದಿಯವರು ಕವಿ ಹಸ್ಸಾನ್ ಬಿನ್ ಸಾಬಿತರಿಗೆ ಮಸೀದಿಯಲ್ಲೇ ಮಿಂಬರ್, ಅಂದರೆ ಎತ್ತರದ ವೇದಿಕೆ, ಹಾಕಿಸುತ್ತಿದ್ದರು. ಮುಂದೆ ಉಮರ್ ಖಲೀಫರಾಗಿದ್ದಾಗ ಒಂದು ದಿನ ಹಸ್ಸಾನ್ ಮಸೀದಿಯಲ್ಲಿ ಕವಿತೆ ಹೇಳುತ್ತಿದ್ದರು. ಉಮರ್ ಅವರನ್ನು ಒಂದು ನೋಟ ನೋಡಿದರು. ಹಸ್ಸಾನ್, ನಿಮಗಿಂತ ಶ್ರೇಷ್ಠರು ಇಲ್ಲಿ ಇದ್ದಾಗಲೂ ನಾನು ಇಲ್ಲಿ ಕವಿತೆ ಹೇಳುತ್ತಿದ್ದೆ ಅಂದರು. ಮುಂದೆ ಯಾರಾದರೂ ನಿನ್ನ ಕಡೆ ಹಾಗೆ ನೋಡಿದರೆ ಈ ಉತ್ತರ ನೆನಪಿಟ್ಟುಕೋ.

ಹಾಗಂತ ಬರಹಗಾರರಿಗೆ ದೀನ್ ಏನನ್ನೂ ಕೇಳೋದಿಲ್ಲ ಅಂತಲ್ಲ. ತುಂಬಾ ಕೇಳುತ್ತದೆ. ಗೀಬತ್, ಅಂದರೆ ಬೆನ್ನ ಹಿಂದೆ ಆಡಿಕೊಳ್ಳೋದು, ಸತ್ತ ಅಣ್ಣನ ಮಾಂಸ ತಿಂದ ಹಾಗೆ ಅಂತ ಕುರ್‌ಆನ್ ಹೇಳುತ್ತದೆ. ಎದುರುಮನೆಯ ಖಾಲಾನ ಹೆಸರು ಬದಲಿಸಿ, ಅವರ ಓಣಿ, ಅವರ ಗಂಡನ ಅಂಗಡಿ, ಅವರ ಮಂಡಿನೋವು ಎಲ್ಲ ಹಾಗೇ ಇಟ್ಟು ಬರೆದರೆ ಅದು ಕಥೆ ಅಲ್ಲ, ಗೀಬತ್. ಅವರ ನೋವನ್ನು ತೆಗೆದುಕೋ, ಅವರ ಗುರುತನ್ನು ಬಿಡು. ಹೀಗೆ ಮಾಡಿದಾಗ ಕಥೆಯೂ ಗಟ್ಟಿಯಾಗುತ್ತದೆ. ಗುರುತು ಕಳಚಬೇಕಾದರೆ ಆ ನೋವಿನ ಬೇರು ಎಲ್ಲಿದೆ ಅಂತ ಹುಡುಕಲೇಬೇಕಾಗುತ್ತದೆ.

ಹೊರಗಿನವರ ಒತ್ತಡವೂ ಇರುತ್ತದೆ. ಕವಿ ನಿಸಾರ್ ಅಹಮದ್ 2017ರಲ್ಲಿ ನಮ್ಮ ದಸರಾ ಉದ್ಘಾಟಿಸಿದರು. ಅಂತರರಾಷ್ಟ್ರೀಯ ಬೂಕರ್ ಗೆದ್ದ ಬಾನು ಮುಷ್ತಾಕ್ 2025ರಲ್ಲಿ ಉದ್ಘಾಟಿಸಿದರು. ಹಿಂದೂ ಅಲ್ಲದವರು ಉದ್ಘಾಟಿಸಬಾರದು ಅಂತ ಬಾನು ಅವರ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು, ಅಲ್ಲಿ ಆಕ್ಷೇಪ ನಿಲ್ಲಲಿಲ್ಲ. ಅದಕ್ಕೂ ಎಷ್ಟೋ ವರ್ಷ ಮೊದಲು ಮಸೀದಿಗೆ ಹೆಂಗಸರ ಪ್ರವೇಶದ ಬಗ್ಗೆ ಮಾತಾಡಿದ್ದಕ್ಕೆ ನಮ್ಮವರಿಂದಲೇ ಅವರು ಬಹಿಷ್ಕಾರ ಅನುಭವಿಸಿದ್ದರು. ಎರಡೂ ಕಡೆಯಿಂದ ಬಂತು. ಅವರು ಕನ್ನಡದಲ್ಲಿ ಬರೆಯೋದನ್ನು ಬಿಡಲಿಲ್ಲ.

ಇಷ್ಟು ಹೊತ್ತು ಯಾವುದು ಸರಿ, ಯಾವುದು ತಪ್ಪು ಅಂತಲೇ ಮಾತಾಡಿದೆವು. ನನಗೆ ಅದಕ್ಕಿಂತ ಜಾಸ್ತಿ ಭಯ ಇರೋದು ಬೇರೆಯದರ ಬಗ್ಗೆ. ಮುಸ್ಲಿಮ್‌ನಲ್ಲಿ ಒಂದು ಹದೀಸ್ ಇದೆ. ಕಿಯಾಮತ್ತಿನ, ಅಂದರೆ ಅಂತಿಮ ತೀರ್ಪಿನ, ದಿನ ಮೊದಲು ತೀರ್ಪಾಗುವ ಮೂವರಲ್ಲಿ ಒಬ್ಬ ಕುರ್‌ಆನ್ ಓದಿದವನು. ನಿನಗೋಸ್ಕರ ಓದಿದೆ ಅನ್ನುತ್ತಾನೆ. ಸುಳ್ಳು, ಜನ ನಿನ್ನನ್ನು ಕಾರಿ (ಚೆನ್ನಾಗಿ ಓದುವವನು) ಅಂತ ಕರೆಯಲಿ ಅಂತ ಓದಿದೆ, ಕರೆದಾಯಿತು ಅನ್ನುತ್ತಾನೆ ಅಲ್ಲಾಹ್. ಯೋಚನೆ ಮಾಡಿ. ಕುರ್‌ಆನ್ ಓದೋದಕ್ಕಿಂತ ಪವಿತ್ರವಾದ ಕಲೆ ನಮ್ಮಲ್ಲಿ ಯಾವುದಿದೆ? ಅದೇ ಚಪ್ಪಾಳೆಗೋಸ್ಕರ ಆದರೆ ಕೈಗೆ ಏನೂ ಸಿಗಲ್ಲ. ಇವತ್ತು ನಾತ್ ಹಾಡುವ ಮಗುವಿನ ಮುಂದೆಯೂ ಮೊಬೈಲ್ ಇದೆ, ಎಷ್ಟು ಲೈಕ್ ಬಂತು ಅಂತ ಮನೆಯವರೇ ಕೇಳುತ್ತಾರೆ. ಚಿತ್ರ ಹರಾಮಾ ಅಂತ ಜಗಳ ಆಡೋ ನಾವು ಇದರ ಬಗ್ಗೆ ಬಾಯಿ ಬಿಡೋದಿಲ್ಲ. ಮಕ್ಕಳಿಗೆ ನಿಯ್ಯತ್ತನ್ನು, ಅಂದರೆ ಯಾಕೆ ಮಾಡುತ್ತೇವೆ ಅನ್ನೋ ಸಂಕಲ್ಪವನ್ನು, ನಮಾಜಿಗೆ ಮಾತ್ರ ಕಲಿಸಿದ್ದೇವೆ. ಕುಂಚ ಹಿಡಿಯುವಾಗ, ಪೆನ್ನು ಹಿಡಿಯುವಾಗಲೂ ಕಲಿಸಬೇಕು.

ಕೊನೆಗೆ ಒಬ್ಬ ತಾಯಿಯ ಚೀಟಿ. ‘ಮಗಳು ಕಾವಾ ಸೇರುತ್ತೇನೆ ಅಂತ ಹಟ ಮಾಡುತ್ತಿದ್ದಾಳೆ. ಅವಳ ಅಬ್ಬಾ ಒಪ್ಪುತ್ತಿಲ್ಲ. ಏನು ಮಾಡಲಿ?’

ಕಾವಾ ಅಂದರೆ ನಮ್ಮ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಸರ್ಕಾರದ್ದು. ಅಲ್ಲಿ ಇರೋದು ಪೇಂಟಿಂಗ್ ಒಂದೇ ಅಲ್ಲ. ಗ್ರಾಫಿಕ್ಸ್ ಇದೆ, ಅನ್ವಯಿಕ ಕಲೆ ಇದೆ, ಫೋಟೋಗ್ರಫಿ ಇದೆ. ಮೊದಲು ನೀವಿಬ್ಬರೂ ಕೂತು ಅವಳು ಇಲ್ಲಿವರೆಗೆ ಬರೆದ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿ. ಬಹಳ ಅಪ್ಪಂದಿರು ನೋಡದೆಯೇ ಬೇಡ ಅಂದಿರುತ್ತಾರೆ. ಆಮೇಲೆ ಮೂವರೂ ಕಾಲೇಜಿಗೆ ಹೋಗಿ. ಮನುಷ್ಯರ ದೇಹ ನೋಡಿ ಬರೆಯೋ ಅಭ್ಯಾಸ ಯಾವ ವರ್ಷದಲ್ಲಿ ಬರುತ್ತದೆ, ಹೇಗೆ ಮಾಡಿಸುತ್ತಾರೆ, ಶಿಲ್ಪ ಕಡ್ಡಾಯವಾ, ಅಕ್ಷರ ವಿನ್ಯಾಸಕ್ಕೆ ಎಷ್ಟು ಅವಕಾಶ ಇದೆ, ಇದನ್ನೆಲ್ಲ ಮೇಷ್ಟ್ರುಗಳ ಹತ್ತಿರ ಕೇಳಿ. ಅವಳ ಅಬ್ಬಾ ನಂಬುವ ಆಲಿಮರು ಯಾರೋ ಅವರ ಹತ್ತಿರ ಅವಳನ್ನೇ ಕರೆದುಕೊಂಡು ಹೋಗಿ, ಅವಳ ಪ್ರಶ್ನೆ ಅವಳೇ ಕೇಳಲಿ. ಇಷ್ಟೆಲ್ಲ ಆದಮೇಲೂ ಅವಳ ಅಬ್ಬಾ ಬೇಡ ಅಂದರೆ ನನ್ನ ನಂಬರ್ ಕಾರ್ಯಕ್ರಮದವರ ಹತ್ತಿರ ಇದೆ. ನಾನು ಮನೆಗೆ ಬಂದು ಅಣ್ಣನ ಹತ್ತಿರ ಮಾತಾಡುತ್ತೇನೆ.